ಯಾವ ಕಲ್ಲು ಹಾಕಿದರೂ ಬಂಗಾರ

ರವಿವಾರ ಪೇಠೆಯ ಬಾಳಕೃಷ್ಣರಾಯರ ವಾಡೆಯಲ್ಲಿ ಮಧ್ಯಾಹ್ನದ ನಿದ್ದೆ ಪೂಜೆಯಷ್ಟೇ ಶ್ರದ್ಧೆಯಿಂದ ನಡೆಯುತ್ತಿತ್ತು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ರಾಯರು ಪಡಸಾಲೆಯ ಜಮಖಾನೆಯ ಮೇಲೆ ಎಡಮಗ್ಗುಲಾದರೆಂದರೆ, ಬಾಗಿಲಿಗೆ ಕಲೆಕ್ಟರನೇ ಬಂದರೂ ಸಂಜೆಯ ಚಹಾದವರೆಗೆ ಕಟ್ಟೆಯ ಮೇಲೆ ಕಾಯಬೇಕಿತ್ತು. ಆ ಹೊತ್ತಿನಲ್ಲಿ ಪುಣೆಯ ಮುಕ್ಕಾಲು ಪಾಲು ಮಲಗಿರುತ್ತಿತ್ತು. ಮಲಗದವರೆಂದರೆ ವಾಡೆಯ ಹಿಂದಿನ ಚೌಕದ ಅಂಗಳದಲ್ಲಿ ಬಾಡಿಗೆಗಿದ್ದ ಭಾಮಕ್ಕ ಮತ್ತು ಅವಳ ಪೀಪಾಯಿ.

ಭಾಮಕ್ಕ ಗದಗಿನ ಆಚೆ ಕಪ್ಪತಗುಡ್ಡದ ಬುಡದ ಹಳ್ಳಿಯವಳು. ಅವಳ ತವರಿನವರದು ಜಲಗಾರರ ಕಸುಬು. ಮಳೆ ಸುರಿದು ಹಳ್ಳ ಇಳಿದ ಮೇಲೆ ಅದರ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ಹುಡುಕುತ್ತಿದ್ದರು. ಮರಿಗೆಯೆಂದರೆ ಒಂದೇ ಮರದ ತುಂಡಿನಲ್ಲಿ ಕೆತ್ತಿದ ಅಗಲವಾದ ತಟ್ಟೆ. ಅದನ್ನು ನೀರಿನಲ್ಲಿ ಹದವಾಗಿ ಕುಲುಕಿದರೆ ಹಗುರಾದ ಮರಳು ಹರಿದುಹೋಗಿ ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಒಂದು ಮಳೆಗಾಲವೆಲ್ಲ ಬೆನ್ನು ಬಾಗಿಸಿ ತೊಳೆದರೆ ಒಂದು ಮೂಗುಬಟ್ಟಿಗೆ ಆಗುವಷ್ಟು ಸಿಕ್ಕರೆ ಪುಣ್ಯ.

ಗಂಡ ಪ್ರಲ್ಹಾದನಿಗೆ ಪುಣೆಯ ಒಂದು ಎರಕದ ಕಾರಖಾನೆಯಲ್ಲಿ ಫಿಟ್ಟರ್ ಕೆಲಸ. ಅಲ್ಲಿನ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು. ಅವನ ಹಿಂದೆ ಪುಣೆಗೆ ಬಂದ ಭಾಮಕ್ಕ ಮೊದಲ ವಾರವೇ ಅಕ್ಕಸಾಲಿಗರ ಓಣಿಯನ್ನು ಹುಡುಕಿದಳು. ಅಂಗಡಿಗಳ ಮುಂದಿನ ಗಟಾರವನ್ನು ಬಹಳ ಹೊತ್ತು ನೋಡುತ್ತ ನಿಂತಳು. ಮನೆಗೆ ಬಂದು ಗಂಡನಿಗೆ ಹೇಳಿದಳು: "ಅಲ್ಲಿ ಹಳ್ಳದಾಗ ದೇವರು ಚೆಲ್ಲಿದ್ದು, ಇಲ್ಲಿ ಗಟಾರದಾಗ ಅಕ್ಕಸಾಲ್ಯಾರು ಚೆಲ್ಲಿದ್ದು. ತೊಳಿಯೂದಂತೂ ಒಂದ."

ಅಂದಿನಿಂದ ಅಂಗಡಿಗಳ ಕಸ, ಅಗ್ಗಿಷ್ಟಿಗೆಯ ಬೂದಿ, ಚಿನ್ನ ಕರಗಿಸಿ ಒಡೆದ ಮೂಸೆಗಳನ್ನು ಕೊಂಡು ತಂದು ತೊಳೆಯುವುದು ಅವಳ ಉದ್ಯೋಗವಾಯಿತು. ಮೂವತ್ತೊಂದನೆಯ ಇಸವಿಯ ನಂತರ ಚಿನ್ನದ ದರ ಒಮ್ಮೆಲೇ ಏರಿದಾಗ ಜನ ಅಜ್ಜಿಯರ ಒಡವೆಗಳನ್ನೆಲ್ಲ ತಂದು ಕರಗಿಸತೊಡಗಿದರು. ಓಣಿಯಲ್ಲಿ ಮೂಸೆಗಳು ರಾಶಿರಾಶಿಯಾಗಿ ಒಡೆದವು. ಕರಗಿದ ಚಿನ್ನ ಮೂಸೆಯ ಗೋಡೆಯಲ್ಲಿ ಸಣ್ಣ ಸಣ್ಣ ಹನಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಬೇಕಾದರೆ ಮೂಸೆಯನ್ನು ಹಿಟ್ಟಿನಂತೆ ಅರೆಯಬೇಕು. ಮೂಸೆಯೋ ಕಲ್ಲಿಗಿಂತ ಗಟ್ಟಿ. ಭಾಮಕ್ಕ ಒರಳಿನಲ್ಲಿ ಕುಟ್ಟಿ ಕುಟ್ಟಿ ಭುಜ ಊದಿಸಿಕೊಂಡಳು. ಒಂದು ಮಳೆಗಾಲ ಇದನ್ನು ನೋಡಿದ ಪ್ರಲ್ಹಾದ ಒಂದು ಭಾನುವಾರ ಹಳೆಯ ಬಾಯ್ಲರಿನ ದಪ್ಪ ತಗಡಿನ ಕೊಳವೆಯನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದ.

ಅದೇ ಪೀಪಾಯಿಯಾಯಿತು. ಎರಡೂ ಬಾಯಿ ಮುಚ್ಚಿ ನಡುವೆ ಅಚ್ಚು ಕೂಡಿಸಿ, ಜಾಲಿ ಕಟ್ಟಿಗೆಯ ಎರಡು ಕಂಬಗಳ ಮೇಲೆ ಅಡ್ಡ ಮಲಗಿಸಿ, ಎರಡು ಕಡೆಗೂ ತಿರುಗಿಸುವ ಹಿಡಿಕೆ ಇಟ್ಟ. ಹೊಟ್ಟೆಯಲ್ಲಿ ಒಂದು ಚೌಕಾದ ಬಾಗಿಲು. ಅದರ ಸಂದಿಗೆ ಸೈಕಲ್ಲಿನ ಹಳೆಯ ಟ್ಯೂಬು. ಒಳಗೋಡೆಗೆ ಉದ್ದಕ್ಕೂ ಕಬ್ಬಿಣದ ಪಟ್ಟಿಗಳು. ಅರೆಯಲಿಕ್ಕೆ ಗುಂಡುಗಳು ಬೇಕಿದ್ದವು. ಜುನಾ ಬಜಾರಿನಲ್ಲಿ ಹಳೆ ಕಬ್ಬಿಣ ಮಾರುವ ಮೋಡಕಾ ಅಂಗಡಿಯವನು ಪೇಶವೆಯರ ಕಾಲದ ತೋಪಿನ ಗುಂಡು ಎಂದು ಪ್ರಮಾಣ ಮಾಡಿ ಒಂದು ಬುಟ್ಟಿ ಕಬ್ಬಿಣದ ಗುಂಡುಗಳನ್ನು ಕೊಟ್ಟ. ಅವು ಯಾವ ಯುದ್ಧಕ್ಕೆ ಹೋಗಿದ್ದವೋ ಗೊತ್ತಿಲ್ಲ, ಭಾಮಕ್ಕನ ಪೀಪಾಯಿಯಲ್ಲಿ ಮಾತ್ರ ದಿನಾ ಹೊಡೆದಾಡಿದವು.

ಒಳಗೆ ಅರ್ಧಕ್ಕಿಂತ ಕಡಿಮೆ ಗುಂಡು, ಗುಂಡಿನ ಸಂದಿ ತುಂಬುವಷ್ಟು ಮೂಸೆಯ ಚೂರು, ಮೇಲೆ ನೀರು. ಹದವಾಗಿ ತಿರುಗಿಸಿದರೆ ಗುಂಡುಗಳು ಪಟ್ಟಿಯ ಮೇಲೆ ಹತ್ತಿ, ಮೇಲಿನಿಂದ ದಬದಬನೆ ಬಿದ್ದು ಅರೆಯುತ್ತವೆ. ನಿಧಾನವಾದರೆ ತಳದಲ್ಲೇ ಜಾರಿ ಮಲಗುತ್ತವೆ. ಜೋರಾದರೆ ಗೋಡೆಗೆ ಅಂಟಿಕೊಂಡು ಪೀಪಾಯಿಯ ಜೊತೆಗೇ ಸುತ್ತುತ್ತವೆ. ಆಗ ಸದ್ದೂ ಇಲ್ಲ, ಕೆಲಸವೂ ಇಲ್ಲ. ಭಾಮಕ್ಕ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಕೂಗುತ್ತಿದ್ದಳು: "ಗುಂಡು ಗ್ವಾಡಿ ಹಿಡದಾವ, ಸಾವಕಾಶ!"

ಹಾಗೆ ಕೂಗಿಸಿಕೊಳ್ಳುತ್ತಿದ್ದವನು ಪಕ್ಕದ ಗರಡಿಯ, ಪುಣೆಯವರ ಮಾತಿನಲ್ಲಿ ತಾಲೀಮಿನ, ಖಂಡೂ ಪೈಲವಾನ. ಪೀಪಾಯಿ ತಿರುಗಿಸುವುದು ಒಬ್ಬ ಹೆಂಗಸಿನಿಂದ ಆಗುವ ಕೆಲಸವಲ್ಲ. ಕೂಲಿಯವರನ್ನು ಇಟ್ಟರೆ ಬಂದ ಚಿನ್ನ ಅವರಿಗೇ ಹೋಗುತ್ತದೆ. ಭಾಮಕ್ಕ ಒಂದು ದಿನ ತಾಲೀಮಿನ ಬಾಗಿಲಲ್ಲಿ ನಿಂತು, ಯಾರಿಗೋ ಎಂಬಂತೆ ಹೇಳಿದಳು: "ನಮ್ಮ ಕಡೆ ಪೈಲವಾನರು ಜೋರು ಬೈಠಕ್ ಹೊಡಿಯೂದಿಲ್ಲ. ಗಾಣಾ ತಿರಗಸ್ತಾರ. ಅದಕ್ಕ ಅವರ ಕುತಗಿ ನೋಡ್ರಿ, ಕೋಣನ್ಹಂಗ." ಮರುದಿನದಿಂದ ಖಂಡೂ ಮತ್ತು ಅವನ ಜೊತೆಗಾರರು ಸರದಿಯ ಮೇಲೆ ಬರತೊಡಗಿದರು. ತಾಲೀಮಿನಲ್ಲಿ ಜಗಳವಾದರೆ ಅದು ಹಿಡಿಕೆ ನನ್ನದು ಮೊದಲು ಎನ್ನುವುದಕ್ಕೆ. ಬೇಗ ಬೇಗ ತಿರುಗಿಸುವವನಿಗೆ ಭಾಮಕ್ಕ, "ಹಂಗ ತಿರಗಿಸಿದ್ರ ಬರೇ ಮೊಣಕೈ ಬೆಳೀತದೋ, ಕುತಗಿ ಬೆಳಿಯೂದಿಲ್ಲ" ಅನ್ನುತ್ತಿದ್ದಳು.

ಪೀಪಾಯಿಯ ಚಾಕರಿಯನ್ನು ಮಾತ್ರ ಅವಳು ಬೇರೆಯವರಿಗೆ ಬಿಡುತ್ತಿರಲಿಲ್ಲ. ಅಚ್ಚಿಗೆ ದಿನಾ ಔಡಲೆಣ್ಣೆ. ಟ್ಯೂಬು ಸವೆದು ನೀರು ಜಿನುಗಿದರೆ ಕೂಡಲೇ ಹೊಸದು, ಯಾಕೆಂದರೆ ಜಿನುಗುವ ನೀರಿನ ಜೊತೆ ಚಿನ್ನವೂ ಹೋಗುತ್ತದೆ. ಗುಂಡುಗಳೂ ಸವೆಯುತ್ತವೆ. ಮೋಸಂಬಿ ಗಾತ್ರದ್ದು ಲಿಂಬೆಯಾಗಿ, ಲಿಂಬೆ ಬಾರಿಹಣ್ಣಾದ ಮೇಲೆ ಅದನ್ನು ತೆಗೆದು ದೊಡ್ಡದನ್ನು ಹಾಕಬೇಕು. ಇಷ್ಟರ ಜೊತೆಗೆ ಅವಳದೇ ಒಂದು ಕಟ್ಟಳೆ ಇತ್ತು. ಅವಳ ಊರ ಕಡೆ ಜೋಳ ತುಂಬಿಡುವ ನೆಲದ ಹಗೇವನ್ನು ಯಾರೂ ತಳದವರೆಗೆ ಬಳಿಯುವುದಿಲ್ಲ. ಹುಲುಸು ಹೋಗಬಾರದೆಂದು ಒಂದು ಬೊಗಸೆಯನ್ನಾದರೂ ಬಿಡುತ್ತಾರೆ. ಭಾಮಕ್ಕನೂ ಹಾಗೆಯೇ. ಪ್ರತಿ ಸಲ ಪೀಪಾಯಿ ಬರಿದು ಮಾಡುವಾಗ ಅರೆದ ಕೆಸರಿನಲ್ಲಿ ಒಂದು ಬೊಗಸೆಯನ್ನು ಒಳಗೇ ಬಿಡುತ್ತಿದ್ದಳು. ಅದು ಲಕ್ಷ್ಮಿಯ ಪಾಲು. ಪೀಪಾಯಿ ಹುಟ್ಟಿದಂದಿನಿಂದ ಒಮ್ಮೆಯೂ ಪೂರ್ತಿ ಬರಿದಾಗಿರಲಿಲ್ಲ.

ಒಂದು ಶ್ರಾವಣದಲ್ಲಿ ರಾಯರ ತಾಳ್ಮೆ ಮುಗಿಯಿತು. ಬೆಳಗಿನ ಪಾಳಿಯ ಪೈಲವಾನರು ತಡವಾಗಿ ಬಂದಿದ್ದರಿಂದ ಪೀಪಾಯಿ ಮಧ್ಯಾಹ್ನವೂ ನಡೆದಿತ್ತು. ರಾಯರು ಧೋತರದ ಚುಂಗು ಎತ್ತಿಕೊಂಡು ಹಿಂದಿನ ಚೌಕಕ್ಕೆ ಬಂದರು.

"ಭಾಮಾ, ಇದು ಮನಿಯೋ ತೋಪಖಾನೆಯೋ?"

"ತೋಪಿನ ಗುಂಡ ಅದಾವ್ರಿ ರಾಯರ, ಖರೆ ಹೇಳಿದ್ರಿ."

"ಚ್ಯಾಷ್ಟಿ ಸಾಕು. ನವರಾತ್ರಿ ಘಟ ಹಾಕೂದ್ರೊಳಗ ಈ ಪೀಪಾಯಿ ನನ್ನ ವಾಡೇದಿಂದ ಹೊರಗ ಬೀಳಬೇಕು. ನೀವಿಬ್ರೂ ಇರ್ರಿ, ಬ್ಯಾಡ ಅನ್ನೂದಿಲ್ಲ. ಅದು ಮಾತ್ರ ಬ್ಯಾಡ."

ಭಾಮಕ್ಕನ ಮುಖದ ಮೇಲಿನ ನಗೆ ಇಳಿಯಿತು. ಪೀಪಾಯಿಯನ್ನು ಎಲ್ಲಿಯಾದರೂ ಇಡಬಹುದು, ಆದರೆ ತೊಳೆಯಲಿಕ್ಕೆ ನೀರೆಲ್ಲಿ? ಈ ವಾಡೆಯ ಹಿಂದಿನ ಚೌಕದಲ್ಲಿ ಪೇಶವೆಯರ ಕಾಲದ ತೊಟ್ಟಿಯಿತ್ತು. ಕಾತ್ರಜದಿಂದ ನೆಲದೊಳಗಿನ ಕಾಲುವೆಯಲ್ಲಿ ಹರಿದು ಬರುವ ನೀರು ಅದರಲ್ಲಿ ಬತ್ತುತ್ತಿರಲಿಲ್ಲ. ಅಕ್ಕಸಾಲಿಗರ ಓಣಿಗೆ ಕೂಗಳತೆಯಲ್ಲಿ ಅಂಥ ಇನ್ನೊಂದು ಜಾಗವಿರಲಿಲ್ಲ. ಪೀಪಾಯಿ ಈ ತೊಟ್ಟಿಯನ್ನು ಬಿಟ್ಟರೆ ಭಾಮಕ್ಕ ಕಸುಬನ್ನೇ ಬಿಡಬೇಕು. ಅವಳು ಪ್ರಲ್ಹಾದನಿಗೆ ಎರಡು ಸಲ ಕೂಗಿ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, "ನನಗೇನು ಸಪ್ಪಳ ಕೇಳಿಸೂದಿಲ್ಲಪ್ಪ" ಎಂದ.

ಅದಾಗಿ ಸ್ವಲ್ಪ ದಿನಕ್ಕೆ ರಾಯರೇ ಒಂದು ಚೀಲ ಹೊತ್ತುಕೊಂಡು ಹಿಂದಿನ ಬಾಗಿಲಿನಿಂದ ಬಂದರು. ಮೊದಲು ಅಡಿಗೆಮನೆಯ ಕಿಟಕಿಯ ಕಡೆ ನೋಡಿದರು. ಅಲ್ಲಿ ಅವರ ಹೆಂಡತಿ ನರ್ಮದಾಬಾಯಿ ಇರಲಿಲ್ಲ. ಚೀಲ ಬಿಚ್ಚಿದರು. ಕರಿಗಲ್ಲಿನ ತುಂಡುಗಳು, ಅವುಗಳ ಹೊಟ್ಟೆಯಲ್ಲಿ ಬಿಳಿಯ ಹರಳಿನ ಗೊಂಚಲು, ಹರಳಿನ ನಡುವೆ ಅಲ್ಲಲ್ಲಿ ಹಳದಿ ಮಿಂಚು.

"ನಮ್ಮ ಹಿಂಜವಾಡಿ ಹೊಲದ್ದು" ಎಂದು ಪಿಸುಗುಟ್ಟಿದರು. "ಬಾವಿ ತೋಡಸ್ಲಿಕ್ಕೆ ಹಚ್ಚಿದ್ದೆ. ನೀರು ಹತ್ತಲಿಲ್ಲ, ಇದು ಹತ್ತಿತು. ನೋಡು ಹ್ಯಾಂಗ ಹೊಳೀತದ!"

"ಹೊಳಿಯೂದೇನ್ರಿ, ಮೀನಾನೂ ಹೊಳೀತೈತಿ."

"ಒಂದು ಸಲ ಅರದು ನೋಡವಾ. ಯಾರಿಗೂ ಹೇಳಬ್ಯಾಡ."

"ನರ್ಮದಾ ಬಾಯಾರಿಗೂ?"

"ಆಕಿಗೆ ಹೇಳಿದ್ರ ಪೇಠೇಕ್ಕೆಲ್ಲಾ ಡಂಗುರ ಹೊಡದ್ಹಾಂಗ."

ಅವರ ಹೆದರಿಕೆಗೆ ಕಾರಣವಿತ್ತು. ಹಿಂಜವಾಡಿ ಆಗ ಎತ್ತಿನ ಬಂಡಿಯಲ್ಲಿ ಅರ್ಧ ದಿನದ ದಾರಿ. ಅಲ್ಲಿ ರಾಯರು ಲಿಲಾವಿನಲ್ಲಿ ಹಿಡಿದ ಹೊಲದಲ್ಲಿ ಜೋಳ ಬಿತ್ತಿದರೆ ಕಲ್ಲೇ ಎದ್ದು ಬರುತ್ತಿತ್ತು. ಮನೆಗೆ ಬಂದವರಿಗೆಲ್ಲ ನರ್ಮದಾಬಾಯಿ, "ನಮ್ಮವರ ಹೊಲದಾಗ ಕುರಿ ಮೇಯ್ಲಿಕ್ಕೆ ಬಿಟ್ರ ಅವು ಹಲ್ಲು ಮುರಕೊಂಡು ಬರ್ತಾವ" ಎಂದು ಹೇಳಿ ನಗಿಸುತ್ತಿದ್ದರು.

ಭಾಮಕ್ಕ ಕಲ್ಲುಗಳನ್ನು ಒಡೆದು ಪೀಪಾಯಿಗೆ ಹಾಕಿದಳು. ಖಂಡೂ ತಿರುಗಿಸಿದ. ಅರೆದ ಬೂದಿಬಣ್ಣದ ಕೆಸರನ್ನು ಮರಿಗೆಯಲ್ಲಿ ತೊಳೆದು, ಉಳಿದದ್ದನ್ನು ಪಾದರಸದಲ್ಲಿ ತಿಕ್ಕಿದಳು. ಪಾದರಸ ಚಿನ್ನವನ್ನು ಹಿಡಿದುಕೊಳ್ಳುತ್ತದೆ, ಕಲ್ಲನ್ನು ಬಿಡುತ್ತದೆ. ಆಮೇಲೆ ಅದನ್ನು ದಪ್ಪ ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಬಯಲಿನಲ್ಲಿ ಕುಳ್ಳಿನ ಕೆಂಡದ ಮೇಲಿಟ್ಟು, ಗಾಳಿಗೆ ಬೆನ್ನು ಕೊಟ್ಟು ದೂರ ಕುಳಿತಳು. ಕೆಂಡ ಆರಿದಾಗ ತಗಡಿನ ಮೇಲೆ ಸಾಸಿವೆ ಕಾಳಿನಷ್ಟು ಹಳದಿ ಉಳಿದಿತ್ತು.

ರಾಯರು ತಗಡಿನ ಮೇಲೆ ಬಗ್ಗಿ ಕಣ್ಣರಳಿಸಿದರು. ಭಾಮಕ್ಕನೂ ಬೆರಗಾದಳು. ಅದನ್ನು ಹಲ್ಲಿನಲ್ಲಿ ಒತ್ತಿ ನೋಡಿದಳು, ಚಪ್ಪಟೆಯಾಯಿತು. ಬಂಗಾರವೇ ಸರಿ. ಅಮ್ಮ ಒಂದು ಗುಡ್ಡದ ಹಳ್ಳಗಳನ್ನೆಲ್ಲ ತೊಳೆದು ಮುಪ್ಪಾದಳು, ಇಲ್ಲಿ ಒಬ್ಬ ರಾಯರು ಬಾವಿ ತೋಡಲು ಹೋಗಿ ಬಂಗಾರದ ಮೇಲೆ ಬಿದ್ದರಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚೂ ಆಯಿತು.

ಅಂದಿನಿಂದ ವಾಡೆಯ ರೀತಿ ಬದಲಾಯಿತು. ಘಟ ಹಾಕುವುದರೊಳಗೆ ಹೋಗಬೇಕಿದ್ದ ಪೀಪಾಯಿಯ ಅಚ್ಚಿಗೆ ರಾಯರೇ ಎಣ್ಣೆ ಬಿಡತೊಡಗಿದರು. ಮಧ್ಯಾಹ್ನ ಗುಂಡಿನ ಸದ್ದು ನಿಂತರೆ ಎದ್ದು ಬಂದು, "ಯಾಕ ನಿಂತಿತು? ಯಾರು ನಿಲ್ಲಿಸಿದ್ರು?" ಎಂದು ವಿಚಾರಿಸುತ್ತಿದ್ದರು. ಒಮ್ಮೆ ಪೈಲವಾನರು ಬರದಿದ್ದಾಗ ಅಂಗಿ ಕಳಚಿ ತಾವೇ ಹಿಡಿಕೆಗೆ ಕೈ ಹಚ್ಚಿದರು. ಖಂಡೂ ಬಂದು ನೋಡಿ, "ರಾವಸಾಹೇಬರೂ ಕುಸ್ತಿಗೆ ಇಳೀತಾರೇನು ಮಾವಶಿ?" ಎಂದು ಕೇಳಿದ. "ಕುತಗಿ ಬೆಳಸ್ಲಿಕ್ಹತ್ಯಾರ" ಎಂದಳು ಭಾಮಕ್ಕ.

ಎರಡನೆಯ ಚೀಲ ಅರೆದಾಗ ಸಾಸಿವೆಯ ಅರ್ಧದಷ್ಟು ಬಂತು. ಮೂರನೆಯದರಲ್ಲಿ ಕಣ್ಣು ಕಿರಿದು ಮಾಡಿ ಹುಡುಕಬೇಕಾಯಿತು. ರಾಯರು ಭಾಮಕ್ಕನ ಕಡೆ ಓರೆಯಾಗಿ ನೋಡಿದರು. ಆ ನೋಟ ಅವಳಿಗೆ ಚುಚ್ಚಿತು. ಪೀಪಾಯಿಯ ಮುಂದೆ ಕುಳಿತು ಯೋಚಿಸಿದಳು. ಕಲ್ಲು ಅದೇ ಬಾವಿಯದು, ಗುಂಡು ಅದೇ, ತಾನೂ ಅದೇ. ಹಾಗಾದರೆ ಬಂಗಾರ ಯಾಕೆ ಕರಗುತ್ತಿದೆ? ಬಾಗಿಲು ತೆಗೆದು ಒಳಗೆ ಕೈ ಹಾಕಿದಳು. ಲಕ್ಷ್ಮಿಯ ಪಾಲೆಂದು ಬಿಟ್ಟ ಬೊಗಸೆ ಕೆಸರು ಕೈಗೆ ಸಿಕ್ಕಿತು. ಪಟ್ಟಿಗಳ ಸಂದಿಯಲ್ಲಿ ವರ್ಷಗಟ್ಟಲೆ ಅಂಟಿದ್ದ ಮೂಸೆಯ ಹೂಳು ಬೆರಳಿಗೆ ತಾಗಿತು. ಅವಳು ಹಣೆ ಬಡಿದುಕೊಂಡಳು. ಬಂಗಾರ ಹಿಂಜವಾಡಿಯದಲ್ಲ, ಅಕ್ಕಸಾಲಿಗರ ಓಣಿಯದು. ರಾಯರ ಗಟ್ಟಿ ಕಲ್ಲು ಅದನ್ನು ಕೆರೆದು ಕೆರೆದು ಹೊರಗೆ ತಂದಿತ್ತು, ಅಷ್ಟೆ.

ಅದೇ ವಾರ ಒಬ್ಬ ಬಟ್ಟೆ ವ್ಯಾಪಾರಿ ವಾಡೆಯನ್ನು ನೋಡಲು ಬಂದ. ಕೈಯಲ್ಲಿ ಅಳತೆಯ ಪಟ್ಟಿ. ರಾಯರು ಅವನ ಹಿಂದೆ ಹಿಂದೆ ಸುತ್ತುತ್ತಿದ್ದರು. ಹಿಂದಿನ ಚೌಕಕ್ಕೆ ಬಂದ ವ್ಯಾಪಾರಿ ತೊಟ್ಟಿಯ ಕಟ್ಟೆಯ ಮೇಲೆ ನಿಂತು, "ಇದನ್ನು ಮುಚ್ಚಿಸಿ ಇಲ್ಲೇ ಗೋದಾಮು ಕಟ್ಟಿಸ್ತೀನಿ" ಎಂದು ಮರಾಠಿಯಲ್ಲಿ ಹೇಳಿದ್ದು ಭಾಮಕ್ಕನ ಕಿವಿಗೆ ಬಿತ್ತು. ಅವನು ಹೋದ ಮೇಲೆ ಅವಳು ರಾಯರನ್ನು ತಡೆದಳು.

"ವಾಡೇ ಮಾರತೀರೇನ್ರಿ?"

"ಹಿಂಜವಾಡಿಯೊಳಗ ನನ್ನ ಹೊಲದ ಸುತ್ತಲಿಂದೆಲ್ಲಾ ಕೊಳ್ಳಬೇಕಾಗೇದ. ಸುದ್ದಿ ಹೊರಬಿದ್ರ ದರ ಏರತದ."

"ರಾಯರ, ಆ ಕಲ್ಲಿನ್ಯಾಗ ಏನೂ ಇಲ್ರಿ. ಬಂಗಾರ ನನ್ನ ಪೀಪಾಯಿದು." ಬೊಗಸೆ ಕೆಸರಿನ ಕತೆಯನ್ನು ಮೊದಲಿನಿಂದ ಹೇಳಿದಳು.

ರಾಯರು ನಕ್ಕರು. "ನನಗ ಗೊತ್ತದ. ನಾ ಕೈ ಬಿಟ್ರ ನಿನ್ನ ಕಪ್ಪತಗುಡ್ಡದ ಮಂದೀನ್ನೆಲ್ಲಾ ಕರ್ಕೊಂಡು ಬಂದು ಹಿಂಜವಾಡೀನ್ನ ಮರಿಗಿಯೊಳಗ ತೊಳಕೊಂಡು ಹೋಗಬೇಕಂತೀ. ಭಾಳ ಶಾಣ್ಯಾಕಿ ಇದ್ದೀ."

ಭಾಮಕ್ಕ ತಲೆ ಕೆಡಿಸಿಕೊಂಡಳು. ಬಂಗಾರವಿದೆ ಎಂದರೆ ವಾಡೆ ಹೋಗುತ್ತದೆ, ತೊಟ್ಟಿ ಮುಚ್ಚುತ್ತದೆ. ಬಂಗಾರವಿಲ್ಲ ಎಂದರೆ ರಾಯರ ನಿದ್ದೆಗಾಗಿ ಪೀಪಾಯಿ ಹೊರಗೆ ಬೀಳುತ್ತದೆ. ಮೊದಲು ತೊಟ್ಟಿ ಉಳಿಯಲಿ, ಆಮೇಲೆ ರಾಯರ ಕೂಡ ಜಗಳವಾಡಿದರಾಯಿತು ಎಂದುಕೊಂಡು ಅವಳು ನೇರವಾಗಿ ಅಡಿಗೆಮನೆಗೆ ಹೋಗಿ ನರ್ಮದಾಬಾಯಿಯವರಿಗೆ ಎಲ್ಲವನ್ನೂ ಹೇಳಿದಳು.

ನರ್ಮದಾಬಾಯಿ ಸೌಟು ಕೆಳಗಿಟ್ಟರು. "ಅದಕ್ಕ ಇವರು ನಿದ್ದಿ ಬಿಟ್ಟು ಔಡಲೆಣ್ಣಿ ಬಟ್ಟಲ ಹಿಡಕೊಂಡು ಓಡಾಡ್ಲಿಕ್ಹತ್ಯಾರ! ನಾ ಏನೋ ವಾಯುಬ್ಯಾನಿ ಅನಕೊಂಡಿದ್ದೆ. ಈಗೇನು ಮಾಡೂದ?"

"ನಿಮ್ಮನ್ಯಾಗಿನ ಒಂದು ಒಡದ ಕಲ್ಲ ಕೊಡ್ರಿ. ಯಾವುದರೆ ಇರಲಿ."

ಒಡೆದು ಮೂಲೆ ಸೇರಿದ್ದ, ರುಬ್ಬುವ ಒಳಕಲ್ಲಿನ ಗುಂಡು ಸಿಕ್ಕಿತು. ಭಾಮಕ್ಕ ಪೀಪಾಯಿಯೊಳಗೆ ಮತ್ತೆ ಒಂದು ಬೊಗಸೆ ಮೂಸೆಯ ಕೆಸರು ಬಿಟ್ಟು, ರಾಯರ ಎದುರಿಗೇ ಒಳಕಲ್ಲಿನ ಚೂರು ಹಾಕಿ ಅರೆಸಿದಳು. ತೊಳೆದಳು, ತಿಕ್ಕಿದಳು, ಸುಟ್ಟಳು. ತಗಡಿನ ಮೇಲೆ ಸಾಸಿವೆ ಕಾಳಿನಷ್ಟು ಹಳದಿ.

"ನೋಡ್ರಿ ರಾಯರ. ನನ್ನ ಪೀಪಾಯಿಗೆ ಯಾವ ಕಲ್ಲ ಹಾಕಿದ್ರೂ ಬಂಗಾರನ. ಈಗ ಒಳಕಲ್ಲಿನ್ಯಾಗೂ ಬಂಗಾರ ಐತಿ ಅಂತೀರೇನು?"

ರಾಯರು ಆ ಹಳದಿಯನ್ನು ಬೆರಳ ತುದಿಗೆ ತೆಗೆದುಕೊಂಡು ತಿರುವಿ ತಿರುವಿ ನೋಡಿದರು. ಬುದ್ಧಿ ಬಂದಿತೆಂದು ಇಬ್ಬರೂ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ರಾಯರು ಮೆಲ್ಲಗೆ ಹೆಂಡತಿಯನ್ನು ಕೇಳಿದರು: "ಆ ಒಳಕಲ್ಲು ಎಲ್ಲಿದು?"

"ನನ್ನ ತವರಮನಿದು. ಬೆಳಗಾವಿದು."

"ನಿಮ್ಮಪ್ಪ ಯಾವ ಖಣಿಯಿಂದ ತರಿಸಿದ್ರು?"

ನರ್ಮದಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ನಗುವೋ ಅಳುವೋ ಭಾಮಕ್ಕನಿಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ರಾಯರು ಉಳಿ ಸುತ್ತಿಗೆ ಹಿಡಿದು ವಾಡೆಯ ಮುಂಬಾಗಿಲಿನ ಮೆಟ್ಟಿಲಿನ ಮೂಲೆಯನ್ನು ಕೆತ್ತುತ್ತ ಕುಳಿತಿದ್ದರು. "ಈ ಕಲ್ಲೂ ನೋಡಬೇಕಲ್ಲ" ಎಂದು ಹಾದುಹೋಗುವವರಿಗೆ ಹೇಳುತ್ತಿದ್ದರು. ವ್ಯಾಪಾರಿಗೆ ಹೊತ್ತು ಕೊಟ್ಟಾಗಿತ್ತು: ಶುಕ್ರವಾರ ಸಂಜೆ ಬಂದು ಮುಂಗಡದ ಸಂಚಕಾರ ಕೊಡುವುದೆಂದು.

ಗುರುವಾರ ಭಾಮಕ್ಕ ಗಂಡನ ಮುಂದೆ ಕುಳಿತು ಗಟ್ಟಿಯಾಗಿ ಹೇಳಿದಳು: "ಪೀಪಾಯಿ ತಳಾ ಬಳಿಬೇಕು. ಒಂದ ಹನಿ ಬಿಡದ್ಹಂಗ. ಲಕ್ಷ್ಮಿ ಪಾಲೂ ತಗೀಬೇಕು." ಹುಟ್ಟಿದಾಗಿನಿಂದ ಅವಳು ಯಾವ ಪಾತ್ರೆಯ ತಳವನ್ನೂ ಬಳಿದವಳಲ್ಲ.

ಪ್ರಲ್ಹಾದ ತಲೆ ಕೆರೆದುಕೊಂಡ. "ಲಕ್ಷ್ಮೀನ್ನ ಹೊರಗ ಯಾಕ ಹಾಕತಿ? ಒಂದಿನಾ ಜಗಲಿ ಮ್ಯಾಲೆ ಕರದು ಕೂಡಸು. ಬೀಗರು ಮನಿಗೆ ಬಂದ್ಹಂಗ."

ಆ ಮಾತು ಅವಳಿಗೆ ಹಿಡಿಸಿತು. ಶುಕ್ರವಾರ ಬೆಳಿಗ್ಗೆ ಬೊಗಸೆ ಕೆಸರನ್ನು ಬಟ್ಟಲಿನಲ್ಲಿ ತೆಗೆದು, ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟಳು. ಪ್ರಲ್ಹಾದ ಪಟ್ಟಿಗಳನ್ನೆಲ್ಲ ಬಿಚ್ಚಿ, ಅವುಗಳ ಹಿಂದಿನ ಹೂಳು ಕೆರೆದು ಮತ್ತೆ ಕೂಡಿಸಿದ. ಖಂಡೂ ಮತ್ತು ಅವನ ಜೊತೆಗಾರರು ತೊಟ್ಟಿಯ ಪಕ್ಕ ಸಾಲಾಗಿ ಕುಳಿತು ಒಂದೊಂದು ಗುಂಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಬೂದಿ ಹಚ್ಚಿ ತಿಕ್ಕಿದರು. "ಬಾಳಂತಿತನ ಮಾಡ್ಲಿಕ್ಕೆ ಕರದೀಯಲ್ಲ ಮಾವಶಿ" ಎಂದು ಖಂಡೂ ಗೊಣಗಿದ. ಆಮೇಲೆ ಗುಂಡುಗಳ ಜೊತೆ ಬರೀ ಹೊಳೆಯ ಮರಳು ಹಾಕಿ ತಿರುಗಿಸಿ ಚೆಲ್ಲಿದರು. ಮತ್ತೆ ಹಾಕಿ ಮತ್ತೆ ಚೆಲ್ಲಿದರು. ರಾಯರು ಮೊದಲು ದೂರದಿಂದ ನೋಡಿದರು, ಆಮೇಲೆ ಹತ್ತಿರ ಬಂದು ಒಳಗೆ ತಲೆ ಹಾಕಿ ನೋಡಿದರು.

"ಈಗ ನಿಮ್ಮ ಕೈಯಾರ ಹಾಕ್ರಿ" ಎಂದಳು ಭಾಮಕ್ಕ.

ರಾಯರು ಕರಿಯ ತುಂಡುಗಳನ್ನು ಬಿಟ್ಟು, ಹೊಳೆಯುವ ಬಿಳಿಯ ಹರಳುಗಳನ್ನೇ ಆರಿಸಿ ಹಾಕಿದರು. ಬಾಗಿಲಿನ ತಿರುಪುಗಳನ್ನು ತಾವೇ ಬಿಗಿದರು. ಯಾರೂ ಹತ್ತಿರ ಬರದಂತೆ ಮಣೆ ಹಾಕಿಕೊಂಡು ಪಕ್ಕದಲ್ಲೇ ಕುಳಿತರು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಗುಂಡುಗಳು ದಬದಬನೆ ಬೀಳುತ್ತಿದ್ದವು. ರಾಯರು ಅದನ್ನು ಭಜನೆ ಕೇಳುವವರಂತೆ ಕಣ್ಣು ಮುಚ್ಚಿ ಕೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಭಾಮಕ್ಕ ಮರಿಗೆಯಲ್ಲಿ ತೊಳೆದಳು. ಬಿಳಿಯ ನೀರು ಹರಿಯಿತು. ತಳದಲ್ಲಿ ಏನೂ ಮಿಂಚಲಿಲ್ಲ. ಪಾದರಸ ಹಾಕಿ ತಿಕ್ಕಿದಳು. ಹಿಂಡಿದಾಗ ಹೇಗೆ ಹಾಕಿದ್ದಳೋ ಹಾಗೆಯೇ ಪೂರ್ತಿ ಹೊರಬಂದು ಬಟ್ಟಲಿನಲ್ಲಿ ಓಡಾಡಿತು. ಬಟ್ಟೆಯಲ್ಲಿ ಏನೂ ಉಳಿಯಲಿಲ್ಲ.

ರಾಯರು ಬಟ್ಟೆಯನ್ನು ಬಿಡಿಸಿ, ತಿರುವಿ ಹಾಕಿ ನೋಡಿದರು. ಅವರು ಈಗ ತಲೆ ಎತ್ತಿದರೆ ಮೊದಲ ಮಾತು ಪೀಪಾಯಿ ಯಾವಾಗ ಎತ್ತತಿ ಎನ್ನುವುದೇ ಇರುತ್ತದೆಂದು ಎಣಿಸಿ ಭಾಮಕ್ಕ ಪೀಪಾಯಿಯ ಹಿಡಿಕೆ ಹಿಡಿದು ನಿಂತಳು.

ಅಷ್ಟರಲ್ಲಿ ಬಟ್ಟೆ ವ್ಯಾಪಾರಿ ಇಬ್ಬರನ್ನು ಜೊತೆಗೆ ಕರೆದುಕೊಂಡು ಒಳಗೆ ಬಂದ. ಚೌಕದ ತುಂಬ ಪೈಲವಾನರು, ತಿಕ್ಕಿ ಹೊಳೆಯುವ ಗುಂಡುಗಳು, ತೊಳೆದಿಟ್ಟ ಮರಿಗೆ, ನಡುವೆ ಮೈಗೆಲ್ಲ ಬಿಳಿಯ ಕೆಸರು ಸಿಡಿಸಿಕೊಂಡ ರಾವಸಾಹೇಬರು. ಅವನು ಹುಬ್ಬೇರಿಸಿ ನಕ್ಕ. "ಓಣಿಯಲ್ಲಿ ಜನ ಏನೇನೋ ಮಾತಾಡ್ತಾರೆ ರಾವಸಾಹೇಬ. ನಿಮ್ಮ ಮನೆಯಲ್ಲಿ ಕಲ್ಲಿನಿಂದ ಬಂಗಾರ ತೆಗೀತಾರಂತೆ, ಖರೇನಾ?"

ರಾಯರ ಕಿವಿ ಕೆಂಪಾಯಿತು. ಖಂಡೂ ನೆಲ ನೋಡಿದ. ಆಗ ನರ್ಮದಾಬಾಯಿ, ಮರಿಗೆಯ ಪಕ್ಕದ ಕಾದ ಕಲ್ಲಿನ ಮೇಲೆ ಸಿಡಿದು ಆಗಲೇ ಒಣಗಿದ್ದ ಬಿಳಿಯ ಪುಡಿಯನ್ನು ಚಿವುಟಿ ಬೆರಳಿನಲ್ಲಿ ತಿಕ್ಕಿ ನೋಡಿದರು. ಮೈದಾದಂತೆ ನಯವಾಗಿತ್ತು, ಸಣ್ಣಗೆ ಮಿನುಗುತ್ತಿತ್ತು. ಕುಕ್ಕರುಗಾಲಲ್ಲಿ ಕುಳಿತು ತೊಟ್ಟಿಯ ಕಟ್ಟೆಯ ಕರಿಗಲ್ಲಿನ ಮೇಲೆ ಒಂದು ಎಳೆ ಎಳೆದರು, ಇನ್ನೊಂದು ಎಳೆ ಸೇರಿಸಿದರು. ಕಮಲ ಮೂಡಿತು.

"ಬಂಗಾರ ಯಾರು ಹೇಳಿದ್ರು?" ಎಂದು ಮರಾಠಿಯಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದರು. "ರಂಗೋಲಿ ಪುಡಿ ಮಾಡಿಸ್ತಿದ್ದಾರೆ ನಮ್ಮವರು. ದೀಪಾವಳಿ ಬಂತಲ್ಲ. ನಮ್ಮ ಹಿಂಜವಾಡಿ ಹೊಲದಲ್ಲಿ ಇಂಥ ಬಿಳಿ ಕಲ್ಲು ಬೇಕಾದಷ್ಟು ಬಿದ್ದಿದೆ."

ವ್ಯಾಪಾರಿ ಕಮಲವನ್ನು ನೋಡಿದ, ರಾಯರನ್ನು ನೋಡಿದ. "ಮತ್ತೆ ವಾಡೆ?"

ರಾಯರು ಕೆಸರಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಎದ್ದುನಿಂತರು. ಗಂಟಲು ಸರಿಮಾಡಿಕೊಂಡರು. "ವಾಡೆ ಮಾರಿದರೆ ಪೀಪಾಯಿ ಎಲ್ಲಿಡೋದು? ರಂಗೋಲಿಗೆ ಇದೇ ತೊಟ್ಟಿ ನೀರು ಬೇಕು. ಬೇರೆ ನೀರಿಗೆ ಬಿಳುಪು ಬರೋದಿಲ್ಲ."

ವ್ಯಾಪಾರಿ ಹೋದ. ಬಾಗಿಲು ದಾಟುವವರೆಗೂ ಎಲ್ಲರೂ ನಗು ಬಿಗಿಹಿಡಿದು ನಿಂತಿದ್ದರು. ಆಮೇಲೆ ಖಂಡೂ ತಡೆಯಲಾರದೆ ನಕ್ಕುಬಿಟ್ಟ. ಅವನ ಬೆನ್ನಿಗೆ ಒಂದು ಗುದ್ದು ಬಿತ್ತು, ರಾಯರದು.

ಭಾಮಕ್ಕ ಸೆರಗು ಸರಿಮಾಡಿಕೊಂಡು ಬಹಳ ವಿನಯದಿಂದ ಕೇಳಿದಳು: "ಹಂಗಾರ ರಾಯರ, ನಾಳಿ ಘಟ ಹಾಕತಾರಲ್ರಿ. ಪೀಪಾಯಿ ಎಲ್ಲಿ ಎತ್ತಿ ಇಡ್ಲಿ?"

"ಕೇಳಿಸಲಿಲ್ಲೇನು ನಿನಗ? ನಿನ್ನ ಗಂಡಗ ಅಷ್ಟ ಕಿವುಡು ಅನಕೊಂಡಿದ್ದೆ. ಮುಂಜಾನಿ ನಿನ್ನ ಬೂದಿ ಅರಕೋ, ಆಮ್ಯಾಲೆ ನನ್ನ ರಂಗೋಲಿ. ಎರಡೂ ಕೂಡಿಸಬ್ಯಾಡ, ಮತ್ತ ನನ್ನ ತಲಿ ಕೆಡತದ."

"ಕೂಡಸೂದಿಲ್ರಿ. ಆದರ ಕರೀ ಕಲ್ಲ ಬೆರತ್ರ ರಂಗೋಲಿ ಬೂದಿಬಣ್ಣ ಆಗತೈತಿ. ನಮಗ ಕೈ ಸಾಲೂದಿಲ್ಲ. ಕರೇದನ್ನ ನೀವ ಆರಸಿ ಕೊಡಬೇಕ್ರಿ."

ನರ್ಮದಾಬಾಯಿ ಒಳಗಿನಿಂದ ಮೊರ ತಂದು ಗಂಡನ ಮುಂದೆ ಇಟ್ಟರು. ರಾಯರು ಗೊಣಗುತ್ತ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು, ಉಳಿದ ಚೀಲವನ್ನು ಸುರುವಿಕೊಂಡು ಆರಿಸತೊಡಗಿದರು. ಪ್ರಲ್ಹಾದ ಸಡಿಲಾದ ಪಟ್ಟಿಗಳ ತಿರುಪು ಬಿಗಿಯಲು ಪಾನಾ ಎತ್ತಿಕೊಂಡ. ಸ್ವಲ್ಪ ಹೊತ್ತಿಗೆ ರಾಯರ ಬೆರಳು ಒಂದು ತುಂಡಿನ ಮೇಲೆ ನಿಂತಿತು.

"ಭಾಮಾ, ಈ ಹಳದಿ ಹೊಳಿಯೂದು ಸಿಕ್ರ?"

"ಅದನ್ನೂ ತಗದು ಒಗೀರಿ. ರಂಗೋಲಿ ಬೆಳ್ಳಗ ಇರಬೇಕು."

ರಾಯರು ತಲೆಯಾಡಿಸಿದರು. ಹೆಂಡತಿ ಒಳಗೆ ಹೋಗಿದ್ದಾಳೆ, ಭಾಮಕ್ಕ ಗುಂಡುಗಳ ಕಡೆ ತಿರುಗಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಆ ತುಂಡನ್ನು ಮೆಲ್ಲಗೆ ಸೊಂಟಕ್ಕೆ ಸಿಗಿಸಿಕೊಂಡರು.